ಗಿರಣಿಯವರ ಮನೆಗೆ ಬಿದ್ದ ದಂಡ

ನಮ್ಮ ಊರಿನಲ್ಲಿ ದಂಡ ಅಂದರೆ ನಾನು. ಹೆಸರು ಸಾತವ್ವ. ಮೆಟ್ಟಿಲನ್ನು ಬೀದಿಗೆ ಚಾಚಿ ಕಟ್ಟಿದವರು, ಬಚ್ಚಲ ನೀರನ್ನು ಪಕ್ಕದವರ ಬಾಗಿಲಿಗೆ ಹರಿಯಬಿಟ್ಟವರು, ಅಪ್ಪಣೆಯಿಲ್ಲದೆ ಗೋಡೆ ಎಬ್ಬಿಸಿದವರು, ಇಂಥವರ ಮನೆಗೆ ಪುರಸಭೆಯವರು ನನ್ನನ್ನು ಹಾಕುತ್ತಾರೆ. ತಪ್ಪು ಸರಿಯಾಗುವ ತನಕ ನಾನು ಅಲ್ಲೇ ಇರುತ್ತೇನೆ. ಇರುವುದು ಅಂದರೆ ಮೂಲೆಯಲ್ಲಿ ಸುಮ್ಮನೆ ಕೂರುವುದಲ್ಲ. ಮನೆಯವರು ಉಣ್ಣುವುದನ್ನೇ ಉಣ್ಣುತ್ತೇನೆ, ಉಂಡು ತಪ್ಪು ಹುಡುಕಿ ಹೆಸರಿಡುತ್ತೇನೆ. ಅಡುಗೆಮನೆಯ ಡಬ್ಬಿಗಳ ಜಾಗ ಬದಲಿಸುತ್ತೇನೆ. ಬಂದು ಹೋಗುವವರ ಮುಂದೆ ಮನೆಯ ಹಳೆಯ ಜಗಳಗಳನ್ನೆಲ್ಲ ಕೆದಕಿ ವಿಚಾರಿಸುತ್ತೇನೆ. ಕಾಯ್ದೆಯ ಪ್ರಕಾರ ನನಗೆ ಯಾರೂ ಎದುರಾಡುವ ಹಾಗಿಲ್ಲ. ಯಾವಾಗ ಹೊರಡುತ್ತೀರಿ ಎಂದು ಕೇಳುವ ಹಾಗಂತೂ ಇಲ್ಲವೇ ಇಲ್ಲ.

ಈ ಕೆಲಸಕ್ಕೆ ನಾವು ಮೂವರಿದ್ದೇವೆ. ಬಾಳಪ್ಪನವರು ತಮ್ಮ ಹೊಟ್ಟೆಯ ತೊಂದರೆಯನ್ನು ಬೆಳಗಿನಿಂದ ದೀಪ ಹಚ್ಚುವ ತನಕ ವಿವರಿಸಬಲ್ಲರು. ಇನ್ನೊಬ್ಬಾತ ಶಹನಾಯಿ ಕಲಿಯುತ್ತಿದ್ದಾನೆ. ನೌಕರಿಗೆ ಸೇರಿದಾಗಿನಿಂದಲೂ ಕಲಿಯುತ್ತಲೇ ಇದ್ದಾನೆ, ಕಲಿತುಬಿಟ್ಟರೆ ನೌಕರಿ ಹೋಗುತ್ತದೆ. ನನ್ನ ಬಂಡವಾಳ ಗೊರಕೆ. ನಾನು ಮಲಗಿದ ಮನೆಯವರು ಹಾಗಿರಲಿ, ಅದರ ಆಚೆಮನೆಯವರೂ ಯಾರೂ ಹೇಳದೆಯೇ ತಮ್ಮ ಗಟಾರ ತೊಳೆದುಕೊಂಡದ್ದುಂಟು. ಪತ್ತಾರ ಓಣಿಯಲ್ಲಿ ಒಬ್ಬರು ನಾನು ಗಂಟು ಇಳಿಸುವುದರೊಳಗೆ ಹಾರೆ ಹಿಡಿದು ಬಂದು, ಬೀದಿಗೆ ಚಾಚಿದ್ದ ಕಟ್ಟೆಯನ್ನು ತಾವೇ ಒಡೆದು ಹಾಕಿದರು. ನನಗೆ ಅಲ್ಲಿ ಒಂದು ಕಪ್ ಚಹಾ ಕೂಡ ಸಿಗಲಿಲ್ಲ. ನಾನು ಬೀದಿಯಲ್ಲಿ ನಡೆದರೆ ಹೆಂಗಸರು ತುಳಸಿಯ ಕುಂಡವನ್ನು ಒಳಕ್ಕೆ ಎಳೆದುಕೊಳ್ಳುತ್ತಾರೆ. ಮದುವೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ಮದುವೆಮನೆಯಲ್ಲಿ ನಾನು ಕಂಡೆನೆಂದರೆ ಚಪ್ಪರ ರಸ್ತೆಗೆ ಬಂದಿದೆ ಎಂದೇ ಅರ್ಥ. ಇದರಿಂದ ನನಗೇನೂ ಬೇಸರವಿರಲಿಲ್ಲ. ಕೆಲಸ ಚೆನ್ನಾಗಿ ಮಾಡುತ್ತೇನೆ ಎಂಬ ಹೆಮ್ಮೆಯೇ ಇತ್ತು.

ಮಾಗಿಯ ಚಳಿ ಶುರುವಾದ ದಿನಗಳಲ್ಲಿ ಪುರಸಭೆಯ ಜವಾನ ಫಕೀರಪ್ಪ ನನ್ನನ್ನು ಗಿರಣಿ ಮುರಿಗೆಪ್ಪನ ಮನೆಯ ಮುಂದೆ ತಂದು ನಿಲ್ಲಿಸಿ, ಓಣಿಗೆಲ್ಲ ಕೇಳುವಂತೆ ಕೂಗಿದ. "ಗಿರಣಿ ಮುರಿಗೆಪ್ಪನವ್ರ ಮನಿಗೆ ದಂಡ ಬಿದ್ದೈತ್ರೋ! ಮಾಳಿಗಿ ಮ್ಯಾಲ ಅಪ್ಪಣಿ ಇಲ್ದ ಖೋಲಿ ಕಟ್ಟಿಸ್ಯಾರ! ಖೋಲಿ ನೆಳ್ಳು ಮಂದಿ ಮಾಳಿಗಿ ಮ್ಯಾಲ ಬಿದ್ದೈತಿ!"

ಆ ಮಂದಿ ಅಂದರೆ ಪಕ್ಕದ ಮನೆಯ ಕಾಶವ್ವ. ಅವಳದು ಹಪ್ಪಳ, ಸಂಡಿಗೆಯ ಉದ್ಯೋಗ. ಊರಿನ ಖಾನಾವಳಿಗಳಿಗೆಲ್ಲ ಅವಳೇ ಹಪ್ಪಳ ಕೊಡುವವಳು. ಅವಳಿಗಿದ್ದ ಆಸ್ತಿ ಅಂದರೆ ಒಂದು ಸಪಾಟಾದ ಮಾಳಿಗೆ, ಅದರ ಮೇಲೆ ಬೀಳುವ ಬಿಸಿಲು. ಮುರಿಗೆಪ್ಪ ಖೋಲಿ ಕಟ್ಟಿಸಿದ ಮೇಲೆ, ಹೊತ್ತು ನೆತ್ತಿಯಿಂದ ಇಳಿಯಿತೋ ಇಲ್ಲವೋ ಆ ಬಿಸಿಲಿಗೆ ತೆರೆ ಎಳೆದಂತಾಗುತ್ತಿತ್ತು.

ಮುರಿಗೆಪ್ಪನ ಮನೆಯ ಮುಂಭಾಗದಲ್ಲಿ ಹಿಟ್ಟಿನ ಗಿರಣಿ, ಹಿಂದೆ ಸಂಸಾರ. ಅವನು ಹುಬ್ಬಿಗೆಲ್ಲ ಹಿಟ್ಟು ಮೆತ್ತಿಕೊಂಡು ಹೊರಬಂದು ನನ್ನನ್ನು ನೋಡಿದ. ಬೈಯುತ್ತಾನೆ, ಇಲ್ಲವೆ ಕಾಲಿಗೆ ಬೀಳುತ್ತಾನೆ ಎಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. "ಬರ್ರಿ, ಒಳಗ ಬರ್ರಿ" ಅಂದು ನನ್ನ ಗಂಟನ್ನು ತಾನೇ ಎತ್ತಿಕೊಂಡ.

ಒಳಗೆ ಅವನ ಹೆಂಡತಿ ಅನಸವ್ವ ರೊಟ್ಟಿ ಬಡಿಯುತ್ತಿದ್ದಳು. ಮಕ್ಕಳಿಲ್ಲದ ಮನೆ. ಗಂಡ ಹೆಂಡಿರಿಬ್ಬರೇ. ನಾನು ಕೂತ ಕೂಡಲೇ ಕೆಲಸ ಶುರುಮಾಡಿದೆ. ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡು, "ಚಪ್ಪಲಿ ಆಗೇತಿ ಇದು. ಹಿಟ್ಟಿನ ಗಿರಣಿ ಮನ್ಯಾಗ ಇಂಥಾ ರೊಟ್ಟಿ ಉಣ್ಣಾಕ ಸಿಗತೈತಂತ ತಿಳದಿರಲಿಲ್ಲ" ಅಂದೆ.

"ಖರೆ ಹೇಳಿದ್ರಿ ಸಾತಕ್ಕಾ" ಅಂದಳು ಅನಸವ್ವ. "ನಂಗೂ ಹಂಗ ಅನಸಿತ್ತು. ತಡೀರಿ, ಬ್ಯಾರೆ ಹಿಟ್ಟು ನಾದತೀನಿ." ನಾದಿಯೂ ನಾದಿದಳು. ಎರಡನೆಯ ರೊಟ್ಟಿ ಹೂವಿನಂತೆ ಬಂತು. ಬೆಣ್ಣೆ ಹಚ್ಚಿ ತಾಟಿಗೆ ಹಾಕಿದಳು. ಹೆಸರಿಡಲು ಏನೂ ಸಿಗದೆ ಇನ್ನೊಂದು ಹಾಕಿಸಿಕೊಂಡೆ.

ಅಷ್ಟರಲ್ಲಿ ಮುರಿಗೆಪ್ಪನೂ ಕೈ ತೊಳೆದು ಬಂದು ಊಟಕ್ಕೆ ಕೂತ. ಒಂದು ತುತ್ತು ತಿಂದು, ತಾಟು ನೋಡುತ್ತಲೇ ಹೇಳಿದ. "ಸಾತವ್ವಾ, ಪಲ್ಲೆದಾಗ ಉಪ್ಪು ಕಮ್ಮಿ ಬಿದ್ದೈತಿ ಅಂತ ಹೇಳ್ರಿ."

ಯಾರಿಗೆ ಹೇಳುವುದು ಎಂದು ಸುತ್ತ ನೋಡಿದೆ. ಅನಸವ್ವ ಅವನಿಂದ ಒಂದು ಮೊಳದಾಚೆ ಕೂತಿದ್ದಳು. ಅವಳು ತವೆಯ ಕಡೆ ನೋಡುತ್ತ, "ಸಾತಕ್ಕಾ, ಉಪ್ಪಿನ ಡಬ್ಬಿ ಅವ್ರ ಎಡಗೈ ಕಡೆನ ಐತಿ ಅಂತ ಹೇಳ್ರಿ" ಅಂದಳು.

ನಾನು ಉಪ್ಪಿನ ಡಬ್ಬಿ ಎತ್ತಿ ಕೊಟ್ಟೆ. ಆಮೇಲೆ ತಿಳಿಯಿತು, ಇವರಿಬ್ಬರೂ ನೇರವಾಗಿ ಮಾತಾಡಿ ತಿಂಗಳುಗಳೇ ಆಗಿವೆ. ನಾನು ಬರುವ ಮುಂಚೆ ಈ ಟಪಾಲಿನ ಕೆಲಸವನ್ನು ಮನೆಯ ಬೆಕ್ಕು ಮಾಡುತ್ತಿತ್ತಂತೆ. ಅದು ಮಾತಿನ ನಡುವೆ ಎದ್ದು ಹೋಗಿಬಿಡುತ್ತಿತ್ತು. ಅದರ ಮುಂದೆ ನಾನು ಎಷ್ಟೋ ಮೇಲು.

ಮರುದಿನ ಬೆಳಗ್ಗೆ ನಾನು ಎದ್ದಾಗ ಅನಸವ್ವ ಅಂಗಳಕ್ಕೆ ನೀರು ಹೊಡೆದು, ರಂಗೋಲಿ ಹಾಕಿ, ಪದ ಗುನುಗುತ್ತ ಕೂತಿದ್ದಳು. ನಾನು ಮಲಗಿದ ಮನೆಯ ಹೆಂಗಸರು ಬೆಳಗ್ಗೆ ಹೇಗಿರುತ್ತಾರೆಂಬುದು ನನಗೆ ಗೊತ್ತು. ಕಣ್ಣು ಕೆಂಪು, ಮುಖ ಬಾಡಿ, ಕೈಗೆ ಸಿಕ್ಕಿದ್ದನ್ನು ಕುಕ್ಕುತ್ತಿರುತ್ತಾರೆ. ಇವಳ ಮುಖ ಆಗ ತಾನೇ ತೊಳೆದಿಟ್ಟ ತಂಬಿಗೆಯಂತೆ ಹೊಳೆಯುತ್ತಿತ್ತು. ನನಗೆ ಸ್ವಲ್ಪ ಅವಮಾನವೇ ಆಯಿತು.

"ನಿದ್ದಿ ಹತ್ತಿತೇನ್ರಿ ನಿಮಗ?" ಎಂದು ಕೇಳಿದೆ.

"ಎಷ್ಟು ದಿವಸ ಆಗಿತ್ತು ಸಾತಕ್ಕಾ, ಹಿಂಗ ನಿದ್ದಿ ಬಂದು!" ಅಂದಳು. ಆಮೇಲೆ ಚಹಾ ಸೋಸುತ್ತ ವಿಷಯ ಹೇಳಿದಳು. ಮುರಿಗೆಪ್ಪನದೂ ಗೊರಕೆ. ಸಣ್ಣ ಪುಟ್ಟದ್ದಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ಗಿರಣಿ ಚಾಲೂ ಆಗಿದೆ ಎಂದು ಎದ್ದು ನೋಡಿ ಬಂದಿದ್ದಳಂತೆ. ಬರುಬರುತ್ತ ಆ ಸಪ್ಪಳವೇ ಅವಳಿಗೆ ಜೋಗುಳವಾಯಿತು. ಈಗ ಅವನು ಮಾಳಿಗೆಯ ಮೇಲಿನ ಖೋಲಿಯಲ್ಲಿ ಒಬ್ಬನೇ ಮಲಗುತ್ತಾನೆ, ಇವಳಿಗೆ ಕೆಳಗೆ ನಿದ್ದೆಯಿಲ್ಲ.

"ಅವ್ರಷ್ಟು ಚಂದ ಬರೂದಿಲ್ಲ ನಿಮಗ" ಅಂದಳು, ನನ್ನ ಮನಸ್ಸಿಗೆ ನೋವಾಗಬಾರದೆಂಬಂತೆ ಮೆಲ್ಲಗೆ. "ನಡುನಡುವ ಬಿಟ್ಟುಬಿಡ್ತೀರಿ ನೀವು. ಆದ್ರೂ ನಡೀತೈತಿ."

ಇಷ್ಟು ವರ್ಷದ ನೌಕರಿಯಲ್ಲಿ ನನ್ನ ಗೊರಕೆಗೆ ಯಾರೂ ಹೀಗೆ ತಪ್ಪು ಹಿಡಿದಿರಲಿಲ್ಲ.

ಜಗಳದ ಮೂಲವೂ ಅಲ್ಲೇ ಇತ್ತು. ಬೇಸಿಗೆಯಲ್ಲಿ ಅನಸವ್ವನ ತಂಗಿಯ ಮಗಳ ಮದುವೆ. ಪರವೂರು. ಬೀಗರು, ಬಿಜ್ಜರು ಎಲ್ಲರಿಗೂ ಒಂದೇ ಪಡಸಾಲೆಯಲ್ಲಿ ಹಾಸಿಗೆ. ಬೆಳಗ್ಗೆ ಯಾರೋ, ಇಡೀ ರಾತ್ರಿ ಅದೇನು ಸಪ್ಪಳ ಎಂದು ಕೇಳಿದರು. ಅನಸವ್ವ ಚೇಷ್ಟೆಗೆಂದು, "ನಮ್ಮ ಮನಿಯವ್ರು ಹೋದಲ್ಲೆಲ್ಲ ಗಿರಣಿ ತುಗೊಂಡ ಹೋಗ್ತಾರ" ಅಂದುಬಿಟ್ಟಳು. ಪಡಸಾಲೆಯೇ ಬಿದ್ದು ಬಿದ್ದು ನಕ್ಕಿತು. ಮದುವೆ ಮುಗಿಯುವ ತನಕ ಮುರಿಗೆಪ್ಪ ಎಲ್ಲಿ ಕೂತರೂ ಮಕ್ಕಳು ಬಂದು ಗುರ್ ಗುರ್ ಎಂದು ಓಡಿಹೋಗುತ್ತಿದ್ದರು. ಅವನೂ ನಕ್ಕ. ಊರಿಗೆ ಬಂದ. ಬಂದ ವಾರವೇ ಇಟ್ಟಿಗೆ ತರಿಸಿದ.

"ಕಾಶವ್ವನ ಬಿಸಲು ಹೋಗತೈತಿ, ಬ್ಯಾಡ್ರಿ ಅಂತ ಕೈ ಮುಗುದು ಹೇಳಿದೆ" ಅಂದಳು ಅನಸವ್ವ. "ನನ್ನ ಮಾತು ನಕ್ಕೋತ ಬಿಟ್ರು. ಹಂಗಾದ್ರ ನಾನೂ ಮಾತಾಡೂದಿಲ್ಲ ಅಂದೆ. ಸುಮ್ನ ಅಂದೆ ಸಾತಕ್ಕಾ, ಅವ್ರು ಖರೆ ಮಾಡಿದ್ರು."

ಮುರಿಗೆಪ್ಪನ ಕಡೆಯ ಮಾತನ್ನು ಗಿರಣಿಯಲ್ಲಿ ಕೂತು ಕೇಳಿದೆ. ಗಿರಾಕಿಗಳಿಲ್ಲದ ಹೊತ್ತು. ಅವನು ಬೀಸುವ ಕಲ್ಲಿಗೆ ಉಳಿ ಹಿಡಿದು ಹಲ್ಲು ಎಬ್ಬಿಸುತ್ತಿದ್ದ. "ನಕ್ಕಿದ್ದಕ್ಕ ಸಿಟ್ಟಿಲ್ಲ ಸಾತವ್ವಾ. ನನ್ನ ಮ್ಯಾಲ ನಾನೂ ನಗತೀನಿ. ಆದ್ರ ಆವತ್ತಿನಿಂದ ಮಕ್ಕೊಳ್ಳಾಕ ಹೆದರಿಕಿ. ಕಣ್ಣು ಮುಚ್ಚಿದ್ರ ಸಾಕು, ಸುತ್ತ ಮಂದಿ ಕುಂತು ಕೇಳಾಕತ್ತಾರ ಅನಸತೈತಿ. ಅಕಿ ಬಾಜೂಕ ಮಕ್ಕೊಂಡು ನಗಾಕತ್ತಾಳೇನೋ ಅನಸತೈತಿ. ಮ್ಯಾಲಾದ್ರ ಕಾಗಿ, ಪಾರಿವಾಳ ಅಷ್ಟ. ಅವು ಯಾರ ಮುಂದೂ ಹೇಳೂದಿಲ್ಲ."

ಎರಡು ಕಡೆಯ ಮಾತನ್ನೂ ಕೇಳಿದ ಮೇಲೆ ಇವನದನ್ನು ಅವಳಿಗೆ, ಅವಳದನ್ನು ಇವನಿಗೆ ಮುಟ್ಟಿಸಬೇಕಿತ್ತು. ಆದರೆ ಅದು ನನ್ನ ಕೈಲಿದ್ದ ಕೆಲಸವಲ್ಲ. ನಾನು ಸಾಗಿಸುತ್ತಿದ್ದುದು ಉಪ್ಪು, ಸಾರು, ಗಿರಾಕಿಯ ಡಬ್ಬಿ, ನಾಳೆ ಎಣ್ಣೆ ತರಬೇಕು ಎನ್ನುವಂಥ ಮಾತುಗಳನ್ನು ಮಾತ್ರ. ಅದರಲ್ಲೇ ಮೂವರಿಗೂ ದಿನ ಚೆನ್ನಾಗಿ ಹೋಗುತ್ತಿತ್ತು. ಮುರಿಗೆಪ್ಪ ಸಂತೆಯಿಂದ ಮಲ್ಲಿಗೆ ತಂದು ನನ್ನ ಕೈಗೆ ಕೊಟ್ಟು "ಹೆಂಗಸರು ಮುಡ್ಕೊಳ್ಳಿ" ಅನ್ನುತ್ತಿದ್ದ. ಅನಸವ್ವ ಮುಡಿದು, ನನಗೂ ಒಂದು ತುಂಡು ಕೊಟ್ಟು, "ಚಲೋ ಅದಾವು ಅಂತ ಹೇಳ್ರಿ" ಅನ್ನುತ್ತಿದ್ದಳು. ನನ್ನ ತಲೆಗೆ ಎಣ್ಣೆ ಹಚ್ಚಿ ಎರೆದಳು. ಸೊಂಟದ ನೋವಿಗೆ ಅಂಟಿನ ಉಂಡೆ ಕಟ್ಟಿದಳು. ಖೋಲಿ ಕೆಡವುವ ಕೆಲಸ ಇದೆಯಂತಲ್ಲ ಎಂದು ಗೌಂಡಿ ತಾನಾಗಿಯೇ ಕೇಳಿಕೊಂಡು ಬಂದರೆ "ಅಮಾಸಿ ಆಗ್ಲಿ" ಅಂದಳು. ಅಮಾವಾಸ್ಯೆ ಕಳೆದು ಬಂದರೆ "ಹುಣ್ಣಿವಿ ಆಗ್ಲಿ" ಅಂದಳು. ಆ ಖೋಲಿ ಬೇಡವೆಂದು ಕೈ ಮುಗಿದವಳು ಅವಳೇ. ಈಗ ಖೋಲಿ ಬಿದ್ದರೆ ನಾನು ಹೋಗಿಬಿಡುತ್ತೇನಲ್ಲ. ಅದೆಲ್ಲ ನನಗೆ ಅರ್ಥವಾಗುತ್ತಿತ್ತು. ಅರ್ಥವಾಗಿಯೂ ಬೆಣ್ಣೆ ಹಚ್ಚಿದ ರೊಟ್ಟಿ ತಿನ್ನುತ್ತ ಕೂತಿದ್ದೆ.

ಒಂದು ಮಧ್ಯಾಹ್ನ ತಲೆ ಒಣಗಿಸಿಕೊಳ್ಳಲು ಮಾಳಿಗೆ ಹತ್ತಿದ್ದೆ. ಪಕ್ಕದ ಮಾಳಿಗೆಯಿಂದ ಕಾಶವ್ವ ಕರೆದಳು. ಸಣ್ಣ ಆಳು, ದೊಡ್ಡ ಧ್ವನಿ. ಅವಳ ಮಾಳಿಗೆಯ ತುಂಬ ಹಳೆಯ ಸೀರೆಗಳನ್ನು ಹಾಸಿ ಹಪ್ಪಳ ಹರವಿದ್ದಳು. ಖೋಲಿಯ ನೆರಳು ಅವುಗಳ ಮೇಲೆ ಕಂಬಳಿ ಹೊದಿಸಿದಂತೆ ಬಿದ್ದಿತ್ತು. ಮೊರದಲ್ಲಿ ಒಂದಿಷ್ಟು ಹಪ್ಪಳ ಹಾಕಿಕೊಂಡು ಗೋಡೆಯ ಹತ್ತಿರ ಬಂದು ನನ್ನ ಮೂಗಿನ ಕೆಳಗೆ ಹಿಡಿದಳು. ಅಂಚಿಗೆಲ್ಲ ಹಸಿರು ಬೂಸಲು.

"ಮೂಸಿ ನೋಡಬೇ."

ಮೂಸಿ ನೋಡಬೇಕಾಗಿರಲಿಲ್ಲ, ದೂರಕ್ಕೇ ಹೊಡೆಯುತ್ತಿತ್ತು.

"ಖಾನಾವಳಿಯವ್ರು ವಾಪಸ್ ಕಳಿಸ್ಯಾರ. ಇನ್ನೊಂದು ಸಲ ಹಿಂಗಾತಂದ್ರ ಬ್ಯಾರೆಯವ್ರ ಕಡೆ ತುಗೋತೀವಿ ಅಂದಾರ. ನನಗೇನು ಹೊಲ ಐತೋ, ಗಿರಣಿ ಐತೋ? ಇಷ್ಟ ಬಿಸಲು ನಂದು." ಅವಳು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎಣ್ಣೆ ನೀರು ಕಂಡ ಕೂದಲು, ಅದರಲ್ಲಿ ಮಲ್ಲಿಗೆ, ಕೈಯಲ್ಲಿ ಅರ್ಧ ತಿಂದ ಅಂಟಿನ ಉಂಡೆ. "ಅಲ್ಲಬೇ ಸಾತವ್ವಾ, ನಿನ್ನ ಈ ಮನಿಗೆ ದಂಡ ಅಂತ ಕಳಿಸ್ಯಾರೋ, ಬೀಗತಿ ಅಂತ ಕಳಿಸ್ಯಾರೋ?"

ಉಳಿದ ಉಂಡೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡೆ. ಅವಳು ಅಷ್ಟರಲ್ಲಿ ತಿರುಗಿ ಹೋಗಿ, ನೆರಳಿನಲ್ಲಿದ್ದ ಹಪ್ಪಳಗಳನ್ನು ಒಂದೊಂದಾಗಿ ಎತ್ತಿ, ಉಳಿದಿದ್ದ ಚೂರು ಬಿಸಿಲಿಗೆ ಸರಿಸತೊಡಗಿದ್ದಳು. ಸರಿಸಿದಷ್ಟೂ ನೆರಳು ಅವಳ ಹಿಂದೆಯೇ ಬರುತ್ತಿತ್ತು.

ಅದೇ ವಾರ ಪುರಸಭೆಯ ಮುಖ್ಯಾಧಿಕಾರಿ ಕರಬಸಯ್ಯ ಸಾಹೇಬರೂ ಕರೆಸಿದರು. ಕುರ್ಚಿಯಲ್ಲಿ ಕೂರು ಅನ್ನಲಿಲ್ಲ. "ಏನ್ರಿ ಸಾತವ್ವಾ, ದಪ್ಪ ಆಗಾಕತ್ತೀರಿ? ದಂಡ ಬಂದ್ರ ಮಂದಿ ಸೊರಗಬೇಕು. ಇಲ್ಲಿ ದಂಡ ಕೊಬ್ಬಾಕತ್ತೈತಿ. ಈ ಹುಣ್ಣಿವಿ ಒಳಗ ಆ ಖೋಲಿ ಬೀಳಲಿಲ್ಲಂದ್ರ ಆ ಮನಿಗೆ ಶಹನಾಯಿಯವನ್ನ ಕಳಸ್ತೀನಿ. ನಿಮ್ಮನ್ನ ಕೊಂಡವಾಡಕ್ಕ ಹಾಕ್ತೀನಿ. ಬಿಡಾಡಿ ಎಮ್ಮಿ ಕಾಯ್ಕೋತ ಕುಂದರ್ರಿ."

ಎಮ್ಮೆಗಳಿಗೆ ನಾನು ಹೆದರುವವಳಲ್ಲ. ಆದರೆ ದಾರಿಯುದ್ದಕ್ಕೂ ಕಾಶವ್ವನ ಮಾತೇ ಕಿವಿಯಲ್ಲಿತ್ತು. ಗೌಂಡಿಯನ್ನು ನಾನೇ ಕರೆತಂದು ಖೋಲಿ ಕೆಡವಿಸಬಹುದಿತ್ತು, ಅದಕ್ಕೆ ನನಗೆ ಅಧಿಕಾರವಿತ್ತು. ಕೆಡವಿದರೆ ಕಾಶವ್ವನಿಗೆ ಬಿಸಿಲು ಬರುತ್ತದೆ, ನಿಜ. ಮುರಿಗೆಪ್ಪ ಮಾತ್ರ ಹಾಸಿಗೆ ಸುತ್ತಿಕೊಂಡು ಬಯಲು ಮಾಳಿಗೆಯಲ್ಲಿ ಚಳಿಗೆ ಮಲಗುತ್ತಾನೆ. ನ್ಯುಮೋನಿಯಾ ಬಂದರೆ ಅನಸವ್ವ ಬೆಕ್ಕಿನ ಕೈಲಿ ಕಷಾಯ ಕಳಿಸುತ್ತಾಳೆ. ಮನೆ ತಲುಪುವ ಹೊತ್ತಿಗೆ ನನಗೊಂದು ದಾರಿ ಹೊಳೆದಿತ್ತು.

ಸಂಜೆ ಊಟಕ್ಕೆ ಕೂತಾಗ ಗಂಟಲು ಸರಿಮಾಡಿಕೊಂಡು ಹೇಳಿದೆ. "ಇವತ್ತಿನಿಂದ ನಾ ಮ್ಯಾಲಿನ ಖೋಲ್ಯಾಗ ಮಕ್ಕೊಳ್ಳಾಕಿ."

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಮುರಿಗೆಪ್ಪ, "ಸಾತವ್ವಾ, ಅಲ್ಲಿ ನನ್ನ ಹಾಸಿಗಿ..." ಅಂದ.

"ದಂಡಕ್ಕ ಮನಸಿಗೆ ಬಂದಲ್ಲಿ ಮಲಗೂ ಹಕ್ಕು ಐತಿ. ಕಾಯ್ದೆ."

"ಆತು, ಹಂಗಾದ್ರ ನಾ ಗಿರಣ್ಯಾಗ..."

"ಗಿರಣಿ ದಂಧೆ ಮಾಡೂ ಜಾಗಾ. ಅಲ್ಲಿ ಮಲಗಿದ್ರಂದ್ರ ಅದಕ್ಕ ಬ್ಯಾರೆ ದಂಡ. ಬಾಳಪ್ಪನವ್ರು ಈಗ ಖಾಲಿನ ಅದಾರ. ಅವ್ರ ಹೊಟ್ಟಿ ವಿಚಾರ ಕೇಳೀರೇನು ನೀವು?"

ಅಂಥ ಕಾಯ್ದೆ ಇತ್ತೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮುರಿಗೆಪ್ಪನಿಗೂ ಗೊತ್ತಿರಲಿಲ್ಲ. ಅವನು ಅನಸವ್ವನ ಕಡೆ ಒಮ್ಮೆ ನೋಡಿದ, ಅವಳು ತವೆಯ ಕಡೆ ನೋಡಿದಳು. ನಾನು ಕೈ ತೊಳೆದು, ನನ್ನ ಗಂಟು ಎತ್ತಿಕೊಂಡು ಮೆಟ್ಟಿಲು ಹತ್ತಿದೆ.

ಮೊದಲ ಎರಡು ದಿನ ನಾನು ತಪ್ಪು ಮಾಡಿದೆನೇನೋ ಅನ್ನಿಸಿತು. ಮುರಿಗೆಪ್ಪ ಎಲ್ಲಿ ಗೊರಕೆ ಬಂದೀತೋ ಎಂದು ಕಂಬಕ್ಕೆ ಒರಗಿ ಕೂತೇ ಬೆಳಗು ಮಾಡುತ್ತಿದ್ದನಂತೆ. ಗೊರಕೆ ಇಲ್ಲದೆ ಅನಸವ್ವನಿಗೂ ನಿದ್ದೆಯಿಲ್ಲ. ಬೆಳಗ್ಗೆ ನಾನು ಕೆಳಗಿಳಿದರೆ ಇಬ್ಬರ ಕಣ್ಣೂ ಕೆಂಡ. ಮುರಿಗೆಪ್ಪ ಗೋಧಿಯ ಡಬ್ಬಿಗೆ ಜೋಳ ಸುರಿದು ಗಿರಾಕಿಗಳಿಂದ ಬೈಸಿಕೊಂಡ. ಅನಸವ್ವ ಬೇಳೆಗೆ ಉಪ್ಪಿನ ಬದಲು ಸಕ್ಕರೆ ಹಾಕಿದಳು. ಅದನ್ನು ಮುರಿಗೆಪ್ಪ ಒಂದು ಮಾತೂ ಆಡದೆ ಉಂಡ, ಹೇಳಿ ಕಳಿಸಲು ನಾನಿದ್ದರೂ ಹೇಳಿ ಕಳಿಸಲಿಲ್ಲ. ಅದೊಂದು ನನಗೆ ಸಮಾಧಾನ ಕೊಟ್ಟಿತು.

ಮುಂದಿನ ಬೆಳಗ್ಗೆ ನನಗೆ ಎಚ್ಚರವಾದದ್ದು ಹೆಂಗಸರ ಗದ್ದಲಕ್ಕೆ. ಖೋಲಿಯ ಕಿಟಕಿಯಿಂದ ಬಗ್ಗಿ ನೋಡಿದರೆ ಬಿಸಿಲು ಓಣಿಗೆ ಇಳಿದಿದೆ, ಗಿರಣಿಯ ಬಾಗಿಲು ಇನ್ನೂ ತೆರೆದಿಲ್ಲ. ತಲೆಯ ಮೇಲೆ, ಬಗಲಲ್ಲಿ ಡಬ್ಬಿ ಹೊತ್ತ ಹೆಂಗಸರ ಸಾಲು ಓಣಿಯ ಮೂಲೆಯವರೆಗೆ ಬೆಳೆದಿದೆ. ಸಾಲಿನ ಮುಂದೆಯೇ ಕಾಶವ್ವ, ಉದ್ದಿನಬೇಳೆಯ ಡಬ್ಬಿ ಹಿಡಿದುಕೊಂಡು. ಊರಿಗೆಲ್ಲ ಇರುವುದು ಅದೊಂದೇ ಗಿರಣಿ. ಬಿಸಿಲು ಕಸಿದವನ ಹತ್ತಿರವೇ ಅವಳು ಹಪ್ಪಳದ ಹಿಟ್ಟು ಬೀಸಿಸಬೇಕು.

ನಾನು ಹೆರಳು ಸುತ್ತಿಕೊಳ್ಳುತ್ತ ಇಳಿದು ಹೋಗಿ ಬಾಗಿಲು ತೆರೆದೆ. ಒಳಗಿನಿಂದ ಗಿರಣಿಯದೇ ಸಪ್ಪಳ ಬರುತ್ತಿತ್ತು.

"ಚಾಲೂ ಐತಲ್ಲ!" ಅಂದಳು ಹಿಂದಿನವಳೊಬ್ಬಳು. "ಮತ್ತ ಬಾಗಲಾ ಯಾಕ ಹಾಕಿದ್ರು?"

ಕಾಶವ್ವ ಕಿವಿಗೊಟ್ಟು ಕೇಳಿದಳು. ಗಿರಣಿಯ ಪಟ್ಟಿ ಅಲುಗುತ್ತಿರಲಿಲ್ಲ. ಸಪ್ಪಳ ಅದರ ಹಿಂದಿನ ನಡುಮನೆಯಿಂದ ಬರುತ್ತಿತ್ತು. ಏರುತ್ತ, ಏರುತ್ತ, ಮೇಲೆ ಹೋಗಿ ಒಂದು ಗಳಿಗೆ ನಿಂತು, ಸಿಳ್ಳು ಹಾಕಿ ಇಳಿಯುತ್ತಿತ್ತು. ಅನಸವ್ವ ಹೇಳಿದ್ದು ಸುಳ್ಳಲ್ಲ. ನನ್ನದು ಅದರ ಮುಂದೆ ಏನೂ ಅಲ್ಲ. ಕಾಶವ್ವ ಡಬ್ಬಿಯನ್ನು ಕೆಳಗಿಟ್ಟು, ಬಾಯಿಗೆ ಸೆರಗು ಒತ್ತಿಕೊಂಡಳು. ಅವಳ ಹಿಂದಿನವಳಿಗೂ ತಿಳಿಯಿತು. ನಗು ಸಾಲಿನುದ್ದಕ್ಕೂ ಒಬ್ಬಳಿಂದ ಒಬ್ಬಳಿಗೆ ಸರಿಯುತ್ತ ಓಣಿಯ ಮೂಲೆಯವರೆಗೆ ಹೋಯಿತು. ಆದರೆ ಒಬ್ಬಳೂ ಸಪ್ಪಳ ಮಾಡಲಿಲ್ಲ. ಯಾರದೋ ಡಬ್ಬಿಯ ಮುಚ್ಚಳ ಬಿದ್ದರೆ ಎಲ್ಲರೂ ಅವಳನ್ನೇ ದುರುಗುಟ್ಟಿ ನೋಡಿದರು.

ನಾನು ನಡುಮನೆಗೆ ಹೋಗಿ ನೋಡಿದೆ. ಮುರಿಗೆಪ್ಪ ಕಂಬದಿಂದ ಜಾರಿ ನೆಲಕ್ಕೆ ಬಿದ್ದು, ಅಲ್ಲೇ ಕಾಲು ಚಾಚಿ ಮಲಗಿದ್ದ. ಅನಸವ್ವ ಅವನ ತಲೆಯ ಕೆಳಗೆ ತನ್ನ ದಿಂಬು ಕೊಟ್ಟು, ತಾನು ಕೈ ಮಡಚಿ ಅದರ ಮೇಲೆ ತಲೆಯಿಟ್ಟು ಮಲಗಿದ್ದಳು. ಇಬ್ಬರಿಗೂ ಒಂದೇ ಕೌದಿ. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಎಬ್ಬಿಸಿದ್ದು ಬೆಕ್ಕು. ಅದಕ್ಕೆ ಹಾಲಿನ ಹೊತ್ತು ಮೀರಿತ್ತು.

ಮುರಿಗೆಪ್ಪ ದಡಬಡಿಸಿ ಎದ್ದ. ಬೆಳಕು ನೋಡಿದ, ತೆರೆದ ಬಾಗಿಲು ನೋಡಿದ, ಬಾಗಿಲಲ್ಲಿ ತುಂಬಿ ನಿಂತ ಹೆಂಗಸರ ಮುಖಗಳನ್ನು ನೋಡಿದ. ತಿರುಗಿ, ನಾನು ಅಲ್ಲೇ ನಿಂತಿದ್ದರೂ ನನ್ನನ್ನು ಬಿಟ್ಟು, ನೇರ ಹೆಂಡತಿಗೇ ಕೇಳಿದ.

"ಯಾಕ ಎಬ್ಬಸಲಿಲ್ಲ ನೀ?"

ಅನಸವ್ವ ಕಣ್ಣುಜ್ಜಿಕೊಳ್ಳುತ್ತ, "ನಂಗ ಎಚ್ಚರನ ಆಗಲಿಲ್ಲರಿ" ಅಂದಳು. "ನೀವು ಶುರು ಮಾಡಿದ್ರಿ, ನಂಗ ನಿದ್ದಿ ಹತ್ತಿಬಿಡ್ತು."

"ಮಂದಿ ಎಲ್ಲಾ ಕೇಳ್ಯಾರ."

"ಕೇಳ್ಲಿ. ನಂಗ ಕೇಳದಂಗ ಆಗಿತ್ತಲ್ಲ, ಅದು ತ್ರಾಸ ಆಗಿತ್ತು."

ಬಾಗಿಲಲ್ಲಿ ಹೆಂಗಸರು ಕೆಮ್ಮಿದರು, ಸೆರಗು ಸರಿಮಾಡಿಕೊಂಡರು, ಗೋಡೆ ನೋಡಿದರು. ಮುರಿಗೆಪ್ಪ ಕೌದಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಆ ಮದುವ್ಯಾಗ..." ಎಂದು ಶುರುಮಾಡಿದ.

"ಹೌದ್ರಿ. ನನ್ನ ಬಾಯಿ ಸುಡ್ಲಿ" ಅಂದಳು ಅನಸವ್ವ. "ನಗಸಬೇಕಂತ ಅಂದೆ, ನಿಮ್ಮನ್ನ ಹಿಂಗ ಮ್ಯಾಲ ಕಳಸ್ತೀನಂತ ತಿಳೀಲಿಲ್ಲ. ಇನ್ನ ಆ ಖೋಲಿ ತಗೀರಿ. ಪಾಪ, ಅಕಿ ಹಪ್ಪಳ ನೋಡಿರೇನು?"

"ಕಟ್ಟಸಿದ್ದು ಕೆಡವಿದ್ರ ಊರ ಮಂದಿ ನಗತಾರ."

"ನಕ್ಕಾತಲ್ಲ" ಅಂದಳು ಬಾಗಿಲಿನಿಂದ ಕಾಶವ್ವ. "ಮೂಲಿ ಮನಿತನಕ ನಕ್ಕು ಮುಗಸೇವಿ ಮುರಿಗೆಪ್ಪಣ್ಣಾ. ಇನ್ನೇನೂ ಬಾಕಿ ಉಳದಿಲ್ಲ. ಗಿರಣಿ ಚಾಲೂ ಮಾಡು, ಹೊತ್ತಾತು."

ಆಗ ಸಾಲಿನವರೆಲ್ಲ ಬಾಯಿಬಿಟ್ಟು ನಕ್ಕರು. ಅನಸವ್ವನೂ ನಕ್ಕಳು. ಮುರಿಗೆಪ್ಪ ಕೌದಿ ಮಡಚುತ್ತ, ಮುಖ ಗಂಟಿಕ್ಕಿಕೊಂಡು, ಕೊನೆಗೆ ತಾನೂ ತಡೆಯಲಾರದೆ ನಕ್ಕುಬಿಟ್ಟ. ಎದ್ದು ಹೋಗಿ ಪಟ್ಟಿ ಏರಿಸಿದ. ಕಾಶವ್ವನ ಉದ್ದಿನಬೇಳೆಯನ್ನೇ ಮೊದಲು ಸುರಿದ. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿ, ನುಣ್ಣಗಾಗಿಲ್ಲವೆಂದು ತಾನಾಗಿಯೇ ಇನ್ನೊಮ್ಮೆ ಬೀಸಿಕೊಟ್ಟ.

ಸಂಜೆ ಗೌಂಡಿ ಬಂದ. ಹುಣ್ಣಿಮೆಗೆ ಮೊದಲೇ ಖೋಲಿ ಇಳಿಯಿತು. ಮೊಣಕಾಲೆತ್ತರದ ಗೋಡೆಯೊಂದು ಮಾತ್ರ ಉಳಿಯಿತು, ಸಂಜೆಯ ಹೊತ್ತು ಕೂರಲು ಬೇಕೆಂದು ಅನಸವ್ವ ಇಡಿಸಿಕೊಂಡಳು. ಅದೂ ಕಾಯ್ದೆಗೆ ವಿರುದ್ಧವೇ. ಅದರ ನೆರಳು ಅವರ ಮಾಳಿಗೆ ದಾಟುವುದಿಲ್ಲವೆಂದು ನೋಡಿಕೊಂಡು ನಾನು ಸುಮ್ಮನಾದೆ. ಹಿಂದೆ ಇಂಥದ್ದಕ್ಕೆ ನಾನು ಸುಮ್ಮನಿದ್ದವಳೇ ಅಲ್ಲ.

ನಾನು ಹೊರಡುವ ದಿನ ಅನಸವ್ವ ಗಂಟಿಗೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದಳು. ಸಾಮಾನ್ಯವಾಗಿ ನಾನು ಮೆಟ್ಟಿಲು ಇಳಿಯುವ ಮುಂಚೆ ಹಿಂದೆ ಅಗುಳಿ ಬೀಳುತ್ತದೆ. ಇಲ್ಲಿ ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದು ನಿಂತರು. ಅವಳು ಮೂಗು ಒರೆಸಿಕೊಳ್ಳುತ್ತಿದ್ದಳು. "ಅಳಬ್ಯಾಡ, ಅಕಿ ಏನು ಪರದೇಶಕ್ಕ ಹೊಂಟಿಲ್ಲ" ಅಂದ ಮುರಿಗೆಪ್ಪ. "ನಾ ಅಳಾಕತ್ತಿಲ್ಲ, ಹಿಟ್ಟಿನ ಧೂಳು" ಅಂದಳು ಅವಳು. "ಹಿಟ್ಟು ಗಿರಣ್ಯಾಗ ಐತಿ, ಇಲ್ಲೆಲ್ಲಿಂದ ಬಂತು?" ಅಂದ ಅವನು. ಇಬ್ಬರೂ ಅದರ ಮೇಲೆ ವಾದಕ್ಕೆ ನಿಂತರು. ನನ್ನ ಕೆಲಸ ಅಲ್ಲಿ ಮುಗಿದಿತ್ತು.

ಓಣಿಯಲ್ಲಿ ನಾಲ್ಕು ಹೆಜ್ಜೆ ಇಟ್ಟು ನಿಂತೆ. ಮುಂದಿನ ಮನೆ ಯಾವುದೆಂದು ಪುರಸಭೆಯಿಂದ ಇನ್ನೂ ಹೇಳಿ ಕಳಿಸಿರಲಿಲ್ಲ. ಎಲ್ಲಿಗೆ ಹೋಗಬೇಕೆಂದು ಯೋಚಿಸುತ್ತಿದ್ದಾಗ ಮೇಲಿನಿಂದ ದೊಡ್ಡ ಧ್ವನಿ ಕೇಳಿಸಿತು.

"ಏ ಸಾತವ್ವಾ! ಮ್ಯಾಲ ಬಾ."

ಕಾಶವ್ವನ ಮೆಟ್ಟಿಲು ಹತ್ತಿ ಹೋದೆ. ರೂಢಿಯಂತೆ ಸುತ್ತ ಕಣ್ಣಾಡಿಸಿದೆ. ನೀರಿನ ಕೊಳವೆ ಸರಿಯಾಗಿತ್ತು, ಗೋಡೆ ಸರಿಯಾಗಿತ್ತು. "ಏನು ತಪ್ಪು ಮಾಡೀದಿ ನೀ?" ಎಂದು ಕೇಳಿದೆ.

"ತಪ್ಪು ಮಾಡಿದ್ರ ಅಷ್ಟ ಬರ್ತಿಯೇನು ನೀ ಮಂದಿ ಮನಿಗೆ?" ಅಂದಳು. ಹೊರಸಿನ ಮೇಲಿದ್ದ ಹಿಟ್ಟಿನ ಪರಾತವನ್ನು ಸರಿಸಿ ಜಾಗ ಮಾಡಿದಳು. "ಕುಂದ್ರು."

ಕೂತೆ. ಮಾಳಿಗೆಯ ಈ ತುದಿಯಿಂದ ಆ ತುದಿಯವರೆಗೆ ಹಪ್ಪಳ, ಅಷ್ಟಕ್ಕೂ ಬಿಸಿಲು. ಒಣಗುವಾಗ ಅವು ಸಣ್ಣಗೆ ಚಟಚಟ ಅನ್ನುತ್ತವೆ ಎಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಕಾಶವ್ವ ನನ್ನ ಕೈಗೆ ಒಂದು ಕೋಲು ಕೊಟ್ಟು, ಕಾಗೆ ನೋಡಿಕೋ ಅಂದು, ಚಹಾ ಮಾಡಲು ಇಳಿದಳು. ತಂದು ಕೊಟ್ಟಳು. ಅದಕ್ಕೆ ಹೆಸರಿಡಬೇಕೆಂದು ನನಗೆ ಅನ್ನಿಸಲೂ ಇಲ್ಲ.

ಸ್ವಲ್ಪ ಹೊತ್ತಿನಲ್ಲಿ ಕೆಳಗೆ ಓಣಿಯಲ್ಲಿ ಫಕೀರಪ್ಪನ ಕೂಗು ಕೇಳಿಸಿತು. ಯಾರೋ ದರ್ಜಿಯವರು ಅಂಗಡಿಯ ಹಲಗೆಯನ್ನು ರಸ್ತೆಗೆ ಚಾಚಿದ್ದಾರಂತೆ, ಸಾಹೇಬರು ಈಗಲೇ ಬಾ ಅಂದಿದ್ದಾರಂತೆ. "ದಂಡ ಎಲ್ಲೈತ್ರಿ? ಗಿರಣಿಯವ್ರ ಮನ್ಯಾಗಿಲ್ಲಂತ. ಯಾರರ ನೋಡೀರೇನು?"

ನಾನು ಗಂಟಿಗೆ ಕೈಹಾಕಿ ಏಳಲು ಹೋದೆ. ಕಾಶವ್ವ ನನ್ನ ಭುಜ ಒತ್ತಿ ಕೂರಿಸಿ, ಗೋಡೆಯ ಮೇಲಿಂದ ಬಗ್ಗಿದಳು.

"ಮಾಳಿಗಿ ಮ್ಯಾಲ ಐತಿ ಫಕೀರಪ್ಪಾ, ಬಿಸಲಿಗೆ ಒಣಗಾಕ ಹಾಕೇನಿ" ಎಂದು ಕೂಗಿ ಹೇಳಿದಳು. "ಇನ್ನೂ ಹಸೀ ಐತಿ. ನಾಳೆ ಬಾ."

ನಾನು ಹೊರಸಿನ ಮೇಲೆ ಕಾಲು ಚಾಚಿದೆ.